ಹುಲಿಗೆಮ್ಮ ಸಿಸ್ಟರ್ ಬರೆದ ಸಾಲು

ನಮ್ಮೂರಿನಲ್ಲಿ ಪೇಟೆಯಿಂದ ಆಸ್ಪತ್ರೆಗೆ ಎಷ್ಟು ದೂರ ಎಂದು ಯಾರೂ ಕೇಳುವುದಿಲ್ಲ. ಇವತ್ತು ಎಷ್ಟು ದೂರ ಎಂದು ಕೇಳುತ್ತಾರೆ. ಒಂದು ದಿನ ಬಾಯಿಗೆ ಹಾಕಿಕೊಂಡ ಎಲೆಯಡಿಕೆ ಕೆಂಪಾಗುವಷ್ಟರಲ್ಲಿ ಆಸ್ಪತ್ರೆಯ ಗೇಟು ಬಂದುಬಿಡುತ್ತದೆ. ಇನ್ನೊಂದು ದಿನ ಅದೇ ದಾರಿ, ಅದೇ ಹುಣಸೆಮರ, ಅದೇ ಮುರುಕು ಸೇತುವೆ. ಆದರೆ ಮರದಿಂದ ಸೇತುವೆಗೆ ಎರಡು ಗಂಟೆ ನಡೆಯಬೇಕು. ದಾರಿ ಹಿಗ್ಗುತ್ತದೆ, ಕುಗ್ಗುತ್ತದೆ, ಅದಕ್ಕೆ ಹೊತ್ತು ಗೊತ್ತು ಇಲ್ಲ. ಮೋಟಾರ್ ಸೈಕಲ್ಲಿನವರು ಒಂದು ಬಾಟಲಿ ಪೆಟ್ರೋಲು ಹೆಚ್ಚಿಗೆ ಇಟ್ಟುಕೊಂಡೇ ಹೊರಡುತ್ತಾರೆ. ಶೇಂಗಾ ಹುರಿಯುವ ಚನಬಸಪ್ಪ ದಾರಿ ಉದ್ದವಾದ ದಿನ ಮಾತ್ರ ನಡುದಾರಿಯಲ್ಲಿ ಒಲೆ ಹೂಡುತ್ತಾನೆ. ಗಿಡ್ಡವಾದ ದಿನ ಮನೆಯಲ್ಲಿ ಮಲಗಿರುತ್ತಾನೆ. ಬೀಗರ ಮನೆಗೆ ಬಂದ ಪರವೂರಿನವರು ಇದನ್ನು ಕಂಡು ಬಾಯಿ ತೆರೆದರೆ ನಮ್ಮವರು, "ನಿಮ್ಮೂರಾಗ ದಾರಿ ದಿನಾ ಅಷ್ಟಽ ಇರತಾವೇನ್ರಿ?" ಎಂದು ತಾವೂ ಬಾಯಿ ತೆರೆಯುತ್ತಾರೆ.

ನಾನು ಹುಟ್ಟಿದ್ದು ಈ ಊರಿನಲ್ಲಲ್ಲ. ನರ್ಸಿಂಗ್ ಓದಿ ಮುಗಿಸಿ, ಇಪ್ಪತ್ಮೂರನೇ ವಯಸ್ಸಿಗೆ ಇಲ್ಲಿಯ ಸಣ್ಣ ಸರಕಾರಿ ಆಸ್ಪತ್ರೆಗೆ ನೇಮಕವಾಗಿ ಬಂದವನು. ಹೆಸರು ಮೌನೇಶ, ರೋಗಿಗಳಿಗೆಲ್ಲ ಬ್ರದರ್. ಮೊದಲ ದಿನ ಬಸ್‌ಸ್ಟ್ಯಾಂಡಿನಿಂದ ಒಂಬತ್ತು ನಿಮಿಷದಲ್ಲಿ ಆಸ್ಪತ್ರೆ ಮುಟ್ಟಿ, ಭೇಷಾತು ಎಂದುಕೊಂಡೆ. ಎರಡನೇ ದಿನ ಏಳೂವರೆಗೆ ಕೋಣೆ ಬಿಟ್ಟವನು ಹತ್ತು ಗಂಟೆಯಾದರೂ ಸೇತುವೆಯನ್ನೇ ಕಂಡಿರಲಿಲ್ಲ. ಬೆವರಿನಲ್ಲಿ ಮುಳುಗಿ, ಸಿಟ್ಟಿನಲ್ಲಿ ಕುದಿಯುತ್ತ ಹನ್ನೊಂದಕ್ಕೆ ವಾರ್ಡಿಗೆ ಕಾಲಿಟ್ಟರೆ, ಇನ್‌ಚಾರ್ಜ್ ಹುಲಿಗೆಮ್ಮ ಸಿಸ್ಟರ್ ಒಬ್ಬ ಮುದುಕನ ಬೆನ್ನಿಗೆ ಪೌಡರ್ ಹಚ್ಚುತ್ತ ನಿಂತಿದ್ದರು. ನಲವತ್ತೆಂಟರ ಆಸುಪಾಸಿನ, ಗಟ್ಟಿಮುಟ್ಟಾದ ಹೆಂಗಸು. ಅವರೂ ಪೇಟೆಯಲ್ಲೇ ಇರುವವರೆಂದು ನನಗೆ ಗೊತ್ತಿತ್ತು.

"ಸಿಸ್ಟರ್, ನಿಮಗ ದಾರಿ ಗಿಡ್ಡ ಆಗಿತ್ತೇನ್ರಿ?" ಎಂದು ಕೇಳಿದೆ.

"ದಾರಿ ಯಾರ ಮಾರೀನೂ ನೋಡಂಗಿಲ್ಲ ತಮ್ಮಾ. ನಿನಗೆಷ್ಟೋ ನನಗೂ ಅಷ್ಟಽ."

"ಮತ್ತ ಇವತ್ತ ಉದ್ದ ಆಕ್ಕೈತಿ ಅಂತ ನಿಮಗ ಹೆಂಗ ಗೊತ್ತಾತು?"

"ಗೊತ್ತಾಗಲಿಲ್ಲ. ಗೊತ್ತಾಗಂಗಿಲ್ಲ ಅಂತನಽ ದಿನಾ ಲಗೂನ ಹೊಂಡತೀನಿ." ಮುದುಕನ ಅಂಗಿ ಇಳಿಸಿ ಅವರು ನನ್ನ ಕಡೆ ತಿರುಗಿದರು. "ಹೋಗು, ಮಾರಿ ತೊಳಕೊಂಡು ನೀರು ಕುಡದು ಬಾ. ಸಿಟ್ಟು ಇಳಿದ ಮ್ಯಾಲ ಸೂಜಿ ಹಿಡಿ."

ಆಯಾ ತುಳಸವ್ವನಿಗೆ ಮಾತ್ರ ಬೇರೆಯೇ ನಂಬಿಕೆ. ಒಳ್ಳೆಯವರ ಕಾಲಿಗೆ ದಾರಿ ತಾನೇ ಕುಗ್ಗುತ್ತದೆ, ಹುಲಿಗೆಮ್ಮ ಸಿಸ್ಟರಿಗೆ ಅದು ಹಂಗೇ ಕುಗ್ಗುತ್ತದೆ ಎಂದು ಆಕೆ ರೋಗಿಗಳಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದಳು. ಅದು ಕಿವಿಗೆ ಬಿದ್ದಾಗಲೆಲ್ಲ ಸಿಸ್ಟರಿಗೆ ಕೆಟ್ಟ ಸಿಟ್ಟು. "ನಸಿಕಿಲೆ ಎದ್ದು ನಡಿಯಾಕಿ ನಾ. ಹೆಸರು ಮಾತ್ರ ದಾರಿಗೇನು?" ಎನ್ನುತ್ತಿದ್ದರು.

ನಿಜವಾಗಿಯೂ ಅವರು ಕೋಳಿ ಕೂಗುವ ಹೊತ್ತಿಗೆ ಮನೆ ಬಿಡುತ್ತಿದ್ದರು. ದಾರಿ ಉದ್ದವಿದ್ದರೆ ಸರಿಯಾಗಿ ಎಂಟಕ್ಕೆ ಬರುತ್ತಿದ್ದರು. ಗಿಡ್ಡವಿದ್ದ ದಿನ ಸೂರ್ಯ ಹುಟ್ಟುವ ಮೊದಲೇ ಬಂದು ಮುಟ್ಟುತ್ತಿದ್ದರು. ಆದರೆ ಒಳಗೆ ಬರುತ್ತಿರಲಿಲ್ಲ. ಅಂಗಳದ ಬೇವಿನ ಮರದ ಕೆಳಗೆ ಕಲ್ಲುಬೆಂಚಿನ ಮೇಲೆ ಕೂತು ತಲೆದಿಂಬಿನ ಚೀಲಕ್ಕೆ ಕಸೂತಿ ಹಾಕುತ್ತಿದ್ದರು. ಒಳಗೆ ಯಾಕೆ ಬರುವುದಿಲ್ಲವೆಂದು ನಾನೊಮ್ಮೆ ಕೇಳಿದೆ. "ರಾತ್ರಿ ಪಾಳಿಯಾಕಿ ತನ್ನ ಕೆಲಸ ತಾ ಮುಗಸಲಿ. ನಾ ಮುಂಚೇನ ಹೋಗಿ ನಿಂತ್ರ, ತಪ್ಪು ಹುಡುಕಾಕ ಬಂದೀನಿ ಅನಸತೈತಿ ಆಕಿಗೆ" ಎಂದರು.

ಆಸ್ಪತ್ರೆಯ ಹಿಂದೆ ಕ್ವಾರ್ಟರ್ಸು ಖಾಲಿ ಬಿದ್ದಿದ್ದವು. ಅಲ್ಲೇ ಇದ್ದರೆ ಈ ನಡೆಯುವ ಕಷ್ಟವೇ ಇಲ್ಲವೆಂದು ಮೇಲಿನವರು ಎಷ್ಟೋ ಸಲ ಹೇಳಿದ್ದರಂತೆ. ಸಿಸ್ಟರ್ ಒಪ್ಪಲಿಲ್ಲ. ಅವರ ಯಜಮಾನರು ಗವಿಸಿದ್ದಪ್ಪನವರ ಸೈಕಲ್ ರಿಪೇರಿ ಅಂಗಡಿ ಪೇಟೆಯಲ್ಲಿತ್ತು. "ನಾ ಮನಿಗೆ ಹೋಗಬೇಕು. ಅವರ ಜೋಡಿ ನಾಕು ಮಾತು ಜಗಳ ಆಡಬೇಕು, ಉಣಬೇಕು, ಮಲಗಬೇಕು. ಇಲ್ಲೇ ಬಿದ್ದಿದ್ರ ಎರಡು ತಿಂಗಳಿಗೆ ನನಗ ರೋಗಿಗಳ ಮ್ಯಾಲ ಬ್ಯಾಸರ ಬರತೈತಿ" ಎನ್ನುತ್ತಿದ್ದರು. ಗವಿಸಿದ್ದಪ್ಪನವರೂ ಹಾಗೆಯೇ, ಹೆಂಡತಿ ಸಂಜೆ ತಡವಾದರೆ ಹುಡುಕಿಕೊಂಡು ಬರುವವರಲ್ಲ, ರೊಟ್ಟಿಪಲ್ಯ ಬಿಸಿ ಮಾಡಿಟ್ಟುಕೊಂಡು ಕಾಯುವವರು.

ಇನ್ನೊಂದು ರೂಢಿ ಅವರದು, ಮೊದಮೊದಲು ನನಗೆ ನಗು ಬರಿಸಿದ್ದು. ಕೆಲಸದ ನಡುವೆ ಅವರು ತಮ್ಮನ್ನು ತಾವೇ ಹೆಸರು ಹಿಡಿದು ಕರೆಯುತ್ತಿದ್ದರು. "ಹುಲಿಗೆಮ್ಮಾ, ಮೂರನೇ ಬೆಡ್ಡಿನ ಸಲಾಯಿನ್ ಮುಗೀತು ನೋಡು." "ಹುಲಿಗೆಮ್ಮಾ, ಆ ಮುದುಕಿಗೆ ಜೋರು ಮಾಡಿದಿ, ಹೋಗಿ ಮಾತಾಡಿಸಿ ಬಾ." ಹೇಳಿದ್ದನ್ನು ಮಾಡಿ ಬಂದು, "ಆತು" ಎಂದು ತಮಗೆ ತಾವೇ ವರದಿಯನ್ನೂ ಒಪ್ಪಿಸುತ್ತಿದ್ದರು. ಡಾಕ್ಟರು ಇದ್ದಾಗಲೂ ಅಷ್ಟೇ, ಇಲ್ಲದಾಗಲೂ ಅಷ್ಟೇ.

ನಾನು ಬೇರೆ ಥರದವನಾಗಿದ್ದೆ. ಹೇಳಿದ ಕೆಲಸ ಮಾಡುವುದರಲ್ಲಿ ಚುರುಕು. ಹೇಳುವವರಿಲ್ಲದಿದ್ದರೆ ಕೈಕಟ್ಟಿ ನಿಲ್ಲುವುದರಲ್ಲೂ ಅಷ್ಟೇ ಚುರುಕು. ಬಂದ ಎರಡನೇ ತಿಂಗಳಿಗೇ ವರ್ಗಾವಣೆಗೆ ಅರ್ಜಿ ಬರೆದು ಹಾಕಿದ್ದೆ. ಅಳತೆಗೆ ಸಿಗುವ ದಾರಿಯಿರುವ ಊರು ಸಾಕು ನನಗೆ, ಬೇರೇನೂ ಬೇಡ ಎಂದುಕೊಂಡಿದ್ದೆ.

ಆ ಗುರುವಾರ ಬೆಳಿಗ್ಗೆ ದಾರಿ ಹತ್ತು ನಿಮಿಷದ್ದಾಗಿತ್ತು. ವಾರ್ಡಿನಲ್ಲಿ ಹದಿನಾಲ್ಕು ಜನ ರೋಗಿಗಳು. ನಮ್ಮ ಡಾಕ್ಟರು ಪ್ರಾಣೇಶ ಅವರು ಒಂದು ಗಂಟೆಗೆ, ಪೇಟೆಯ ಮನೆಯಲ್ಲಿ ಊಟ ಮಾಡಿ ಬರುತ್ತೇನೆಂದು ಮೋಟಾರ್ ಸೈಕಲ್ ಹತ್ತಿ ಹೋದರು. ಅವರು ಹೋದ ಮೇಲೆ ದಾರಿ ಹಿಗ್ಗಿತು. ನಮಗದು ಗೊತ್ತಾದದ್ದು ಎರಡು ಗಂಟೆಗೆ, ಮಧ್ಯಾಹ್ನದ ಪಾಳಿಯವರು ಬಾರದಿದ್ದಾಗ. ಗೇಟಿನ ಹೊರಗೆ ನಿಂತು ನೋಡಿದೆ. ದಿನವೂ ಅಲ್ಲಿಂದಲೇ ಕಾಣುತ್ತಿದ್ದ ಸೇತುವೆ ಕಾಣಲಿಲ್ಲ. ಬಿಳಿಯ ಮಣ್ಣಿನ ದಾರಿ ಬಿಸಿಲಿನಲ್ಲಿ ಹೋಗಿ ಹೋಗಿ ಮಸುಕಾಗಿ, ಬಾನಿಗೆ ಹತ್ತಿಕೊಂಡಿತ್ತು. ಅಷ್ಟು ಉದ್ದವನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ತುಳಸವ್ವ ಬಂದು ನೋಡಿ, "ಯವ್ವಾ, ಇದು ಎರಡ ದಿನದ್ದೈತಿ" ಎಂದಳು.

ಸಿಸ್ಟರ್ ಒಂದು ಸಲ ನೋಡಿ ಒಳಗೆ ಬಂದರು. "ಮೌನೇಶಪ್ಪಾ, ನಮ್ಮನ್ನ ಬಿಡಿಸಾಕ ಯಾರೂ ಬರಂಗಿಲ್ಲ. ನೀ ಈಗ ಊಟ ಮಾಡು. ಆಮ್ಯಾಲ ನಾ ಮಾಡತೀನಿ. ಇವತ್ತ ರಾತ್ರಿ ನೀ ಎರಡು ತಾಸು ಮಲಗು, ನಾ ಎರಡು ತಾಸು. ನಿದ್ದಿಗೆಟ್ಟ ಕೈ ತಪ್ಪು ಮಾಡತೈತಿ." ಅಷ್ಟು ಹೇಳಿ ಅಡುಗೆಮನೆಗೆ ಹೋಗಿ ಅಕ್ಕಿ ಬೇಳೆ ಎಷ್ಟಿದೆ ನೋಡಿಕೊಂಡು ಬಂದರು.

ನಮ್ಮ ಆಸ್ಪತ್ರೆ ಗುಡ್ಡದ ಮೇಲಿದೆ. ಗುಡ್ಡದ ಹಿಂದಿನ ಹೊಲಗಳಿಂದ ಒಂದು ಕಾಲುದಾರಿ ಹತ್ತಿ ಬರುತ್ತದೆ. ಅದು ಎಂದೂ ಹಿಗ್ಗಿದ್ದಿಲ್ಲ, ಆದರೆ ಪೇಟೆಗೆ ಹೋಗುವುದೂ ಇಲ್ಲ. ಮೂರು ದಾಟಿ ಹತ್ತು ನಿಮಿಷಕ್ಕೆ ಆ ದಾರಿಯಿಂದ ಇಬ್ಬರು ಗಂಡಸರು ಕಂಬಳಿಯಲ್ಲಿ ಒಬ್ಬ ಹೆಂಗಸನ್ನು ಹೊತ್ತುಕೊಂಡು ಓಡಿ ಬಂದರು. ಹಾಲವ್ವ ಅಂತ, ಮೂವತ್ತರ ಒಳಗಿನವಳು. ಮೇವು ಕೊಯ್ಯುವಾಗ ಪಾದಕ್ಕೆ ಹಾವು ಕಚ್ಚಿತ್ತು; ವಿಷ ಏರದಿರಲೆಂದು ಮೊಣಕಾಲ ಕೆಳಗೆ ಹಗ್ಗ ಬಿಗಿದಿದ್ದರು.

"ಕೊಳಕಮಂಡಲ ಐತ್ರಿ ಸಿಸ್ಟರ, ನಾನಽ ಕಣ್ಣಾರೆ ನೋಡೀನಿ" ಎಂದ ಆಕೆಯ ಗಂಡ ಕರಿಯಪ್ಪ. ಅವನ ತುಟಿ ಒಣಗಿ ಬೆಳ್ಳಗಾಗಿತ್ತು. "ಡಾಕ್ಟ್ರು ಎಲ್ಲಿ ಅದಾರ್ರಿ?"

"ಡಾಕ್ಟ್ರು ಪ್ಯಾಟ್ಯಾಗ ಅದಾರ. ನಾವು ಇಲ್ಲಿ ಅದೀವಿ" ಎಂದರು ಸಿಸ್ಟರ್. "ಕಾಲುಂಗರ ತಗೀರಿ. ಆ ಹಗ್ಗ ನೀವು ಮುಟ್ಟಬ್ಯಾಡ್ರಿ, ನಾ ಸಾವಕಾಶ ಬಿಚ್ಚತೀನಿ."

ಪಾದ ಬಾತು ಹೊಳೆಯುತ್ತಿತ್ತು. ಹಾಲವ್ವ ಉಗುಳಿದಳು, ಉಗುಳಿನಲ್ಲಿ ರಕ್ತವಿತ್ತು. ಸಿಸ್ಟರ್ ಅದನ್ನು ನೋಡಿದರು, ನಾನೂ ನೋಡಿದೆ. ಅವರು ಆಕೆಯ ತೋಳಿನಿಂದ ಸ್ವಲ್ಪ ರಕ್ತ ತೆಗೆದು ಒಣಗಿದ ಹೊಸ ಗಾಜಿನ ಕೊಳವೆಗೆ ಹಾಕಿ ಕಿಟಕಿಯ ಕಟ್ಟೆಯ ಮೇಲೆ ನಿಲ್ಲಿಸಿದರು. ಇಪ್ಪತ್ತು ನಿಮಿಷ ಅಲುಗಿಸಬಾರದು. ಆಮೇಲೆ ಬಾಗಿಸಿ ನೋಡಬೇಕು. ಹೆಪ್ಪುಗಟ್ಟಿದ್ದರೆ ಬದುಕಿದೆವು, ನೀರಿನಂತೆ ಹರಿದರೆ ವಿಷ ರಕ್ತಕ್ಕೆ ಸೇರಿದೆ, ಔಷಧಿ ಕೊಡಲೇಬೇಕು.

ಔಷಧಿ ನಮ್ಮ ಕಪಾಟಿನಲ್ಲಿತ್ತು, ಇಪ್ಪತ್ತು ಬಾಟಲಿ. ಕಪಾಟಿನ ಬಾಗಿಲಿಗೇ ಒಂದು ಆದೇಶವನ್ನೂ ಅಂಟಿಸಿದ್ದರು. ಎರಡು ವರ್ಷದ ಹಿಂದೆ ಬೇರೆಲ್ಲೋ ಈ ಔಷಧಿ ಮೈಗೆ ಹಿಡಿಸದೆ ಒಬ್ಬ ಸತ್ತಿದ್ದನಂತೆ. ಅಂದಿನಿಂದ, ವೈದ್ಯರು ಎದುರಿಗಿಲ್ಲದೆ ಇದನ್ನು ಯಾರೂ ಕೊಡುವಂತಿಲ್ಲ. ಕೆಳಗೆ ದೊಡ್ಡ ಸಹಿ, ದೊಡ್ಡ ಮೊಹರು.

ಸಿಸ್ಟರ್ ಗೋಡೆಯ ಫೋನಿನ ಹತ್ತಿರ ಹೋದರು. ದಾರಿ ಹಿಗ್ಗಿದ ದಿನ ಫೋನಿನಲ್ಲಿ ಆಡಿದ ಮಾತೂ ತಡವಾಗಿಯೇ ಮುಟ್ಟುತ್ತದೆ. ಮಾತು ಕೂಡ ನಡೆದುಕೊಂಡೇ ಹೋಗಬೇಕಲ್ಲ ಎನ್ನುತ್ತಾರೆ ನಮ್ಮೂರವರು. ಮನುಷ್ಯನಿಗಿಂತ ಸ್ವಲ್ಪ ಬೇಗ ನಡೆಯುತ್ತದೆ, ಅಷ್ಟೇ. ಸಿಸ್ಟರ್ ಡಾಕ್ಟರ ಮನೆಗೆ ಫೋನು ಹಚ್ಚಿ ಸ್ಪಷ್ಟವಾಗಿ ಹೇಳಿದರು: "ಡಾಕ್ಟ್ರ, ನಾ ಹುಲಿಗೆಮ್ಮ. ಮೂರು ಇಪ್ಪತ್ತೈದು. ಹೆಣಮಗಳಿಗೆ ಕೊಳಕಮಂಡಲ ಕಡದೈತಿ. ವಸಡಿನ್ಯಾಗ ರಕ್ತ ಬರಾಕತ್ತೈತಿ. ರಕ್ತ ಪರೀಕ್ಷೆಗೆ ಇಟ್ಟೀನಿ. ಹೆಪ್ಪುಗಟ್ಟಲಿಲ್ಲ ಅಂದ್ರ ಔಷಧಿ ಶುರು ಮಾಡಬೇಕಂತೀನಿ. ನೀವೇನ್ ಹೇಳತೀರಿ?" ಹೇಳಿ ಫೋನು ಇಟ್ಟುಬಿಟ್ಟರು. ಉತ್ತರಕ್ಕೆ ಕಾಯುತ್ತ ನಿಲ್ಲುವುದರಲ್ಲಿ ಅರ್ಥವಿರಲಿಲ್ಲ.

ಮೂರು ನಲವತ್ತಕ್ಕೆ ಕೊಳವೆಯನ್ನು ಬಾಗಿಸಿದರು. ರಕ್ತ ನೀರಿನಂತೆ ಒಂದು ಬದಿಗೆ ಹರಿಯಿತು.

"ಸಿಸ್ಟರ್, ಡಾಕ್ಟ್ರು ಏನಂತಾರೋ ಕೇಳಿ ಮಾಡೋಣ್ರಿ" ಎಂದೆ.

"ಅವರ ಮಾತು ಬರೂದ್ರೊಳಗ ಈಕಿ ಉಳಿಯಂಗಿಲ್ಲ ತಮ್ಮಾ." ಅವರು ಕೈ ತೊಳೆಯತೊಡಗಿದರು. ನಲ್ಲಿಯ ನೀರಿನ ಸದ್ದಿನ ನಡುವೆ ಅವರು ತಮಗೆ ತಾವೇ ಹೇಳಿಕೊಳ್ಳುವುದು ಕೇಳಿಸಿತು. "ಹುಲಿಗೆಮ್ಮಾ, ಅವಸರ ಮಾಡಬ್ಯಾಡ. ಔಷಧಿ ಮೈಗೆ ಹಿಡಿಸದಿದ್ರ ಉಳಿಸೂ ಇಂಜೆಕ್ಷನ್ ಮೊದಲ ತುಂಬಿಟ್ಟುಕೋ. ಆಮ್ಯಾಲ ಔಷಧಿ. ಆಮ್ಯಾಲ ಆಕಿ ಕಡೆ ಬಿಟ್ಟು ಬ್ಯಾರೆ ಎಲ್ಲೂ ನೋಡಬ್ಯಾಡ."

ನಂತರ ಕರಿಯಪ್ಪನನ್ನು ಹೊರಗೆ ಕರೆದು, ಔಷಧಿ ಮೈಗೆ ಹಿಡಿಸಬಹುದು, ಹಿಡಿಸದೆಯೂ ಹೋಗಬಹುದು, ಕೊಡದಿದ್ದರೆ ಮಾತ್ರ ಉಳಿಯುವುದಿಲ್ಲ, ಡಾಕ್ಟರಿಲ್ಲದೆ ಕೊಡುವ ಅಧಿಕಾರ ತಮಗಿಲ್ಲ ಎಂದು ಒಂದನ್ನೂ ಮುಚ್ಚದೆ ಹೇಳಿದರು. ಅವನು ಕೈಮುಗಿದು, "ನಿಮ್ಮ ಅಕ್ಕನೋ ತಂಗಿನೋ ಆಗಿದ್ರ ಏನ್ ಮಾಡತಿದ್ರಿ, ಅದನ್ನ ಮಾಡ್ರಿ ಯಕ್ಕಾ" ಎಂದ. ಅವರು ಮೇಜಿನ ಬಳಿ ಬಂದು, ರೋಗಿಯ ಹಾಳೆಯಲ್ಲಿ ದುಂಡಗಿನ ಅಕ್ಷರಗಳಲ್ಲಿ ಬರೆದರು: "ಮಧ್ಯಾಹ್ನ 3.50. ವೈದ್ಯರು ಇಲ್ಲ. ಇಪ್ಪತ್ತು ನಿಮಿಷವಾದರೂ ರಕ್ತ ಹೆಪ್ಪುಗಟ್ಟಿಲ್ಲ. ಔಷಧಿ ಆರಂಭಿಸಲು ನಾನೇ ನಿರ್ಧರಿಸಿದ್ದೇನೆ." ಕೆಳಗೆ ಪೂರ್ತಿ ಹೆಸರು ಬರೆದು ಸಹಿ ಹಾಕಿದರು.

ಹತ್ತು ಬಾಟಲಿ ಕಲಸಿ ಸಲಾಯಿನ್ನಿಗೆ ಸೇರಿಸಿ ಬಿಟ್ಟೆವು. ಹತ್ತು ನಿಮಿಷ ಏನೂ ಆಗಲಿಲ್ಲ. ಹನ್ನೊಂದನೆಯ ನಿಮಿಷಕ್ಕೆ ಹಾಲವ್ವ ಕುತ್ತಿಗೆ ಕೆರೆದುಕೊಂಡಳು. ನೋಡನೋಡುತ್ತಿದ್ದಂತೆ ಎದೆಯ ಮೇಲೆಲ್ಲ ದದ್ದುಗಳೆದ್ದವು, ಮೈ ನಡುಗತೊಡಗಿತು, ಉಸಿರಿಗೆ ಸಿಳ್ಳಿನ ಸದ್ದು ಬಂತು. ಕಪಾಟಿನ ಮೇಲಿನ ಕಾಗದ ಹೇಳಿದ್ದು ಇದನ್ನೇ. ಸಿಸ್ಟರ್ ಆಗಲೇ ಸಲಾಯಿನ್ ನಿಲ್ಲಿಸಿ, ತುಂಬಿಟ್ಟಿದ್ದ ಸಿರಿಂಜನ್ನು ಆಕೆಯ ತೊಡೆಗೆ ಚುಚ್ಚಿಯಾಗಿತ್ತು.

"ಆಕ್ಸಿಜನ್, ಮೌನೇಶಪ್ಪಾ. ಹಾಲವ್ವಾ, ನನ್ನ ಮಾರಿ ನೋಡು. ನಿನ್ನ ಮಕ್ಕಳ ಹೆಸರೇನ? ಹೇಳ, ನನ್ನ ನೋಡಿ ಹೇಳ."

"ಬೀರಪ್ಪ… ದ್ಯಾಮವ್ವ…" ಎಂದಳು ಆಕೆ ಏದುಸಿರಿನಲ್ಲಿ.

"ದ್ಯಾಮವ್ವ ದೊಡ್ಡಾಕಿನೋ ಸಣ್ಣಾಕಿನೋ?"

ಹೀಗೆ ಕಾಲು ಗಂಟೆ ಸಿಸ್ಟರ್ ಆಕೆಯ ನಾಡಿ ಹಿಡಿದು ಕೂತು ಮಕ್ಕಳ ಬಗ್ಗೆ, ಕುರಿಗಳ ಬಗ್ಗೆ, ಕುರಿಗೆ ಬರುವ ಬೇನೆಗಳ ಬಗ್ಗೆ ಕೇಳಿದರು. ಸಿಳ್ಳು ನಿಂತಿತು. ದದ್ದುಗಳು ಇಳಿದವು. ನಾನು ಬದುಕಿದೆವು ಎಂದುಕೊಳ್ಳುವಷ್ಟರಲ್ಲಿ ಅವರು, "ಈಗ ಮತ್ತ ಶುರು ಮಾಡೂದು, ಸಣ್ಣಗೆ" ಎಂದರು. ಆ ಧೈರ್ಯ ನನ್ನಿಂದ ಆಗುತ್ತಿರಲಿಲ್ಲ. ಒಮ್ಮೆ ಸಾವಿನ ಬಾಗಿಲು ತೋರಿಸಿದ ಔಷಧಿಯನ್ನೇ ಎರಡನೇ ಸಲ ಹನಿಹನಿಯಾಗಿ ಬಿಡುವುದೆಂದರೆ! ಆದರೆ ವಿಷ ಇನ್ನೂ ಮೈಯಲ್ಲೇ ಇತ್ತು, ಬೇರೆ ಔಷಧಿ ಇರಲಿಲ್ಲ. ಅವರು ಬಿಟ್ಟರು. ಈ ಸಲ ಮೈ ಒಪ್ಪಿಕೊಂಡಿತು.

"ಐದು ನಿಮಿಷ ನೀ ನೋಡಿಕೋ" ಎಂದು ಹೇಳಿ ಅವರು ಸ್ಟೋರ್ ರೂಮಿಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು. ಹೊರಗೆ ಬಂದಾಗ ಮುಖ ತೊಳೆದಿದ್ದರು, ಕಣ್ಣು ಕೆಂಪಗಿದ್ದವು. ಅದಕ್ಕಿಂತ ಹೆಚ್ಚಿಗೆ ಅವರು ಅವತ್ತು ತಮಗಾಗಿ ತೆಗೆದುಕೊಂಡದ್ದು ರಾತ್ರಿಯ ಎರಡು ತಾಸಿನ ನಿದ್ದೆ ಮಾತ್ರ. ಅದನ್ನು ಹೇಳಿದ ಹೊತ್ತಿಗೆ ಸರಿಯಾಗಿ ಮಲಗಿ, ಹೇಳಿದ ಹೊತ್ತಿಗೆ ಸರಿಯಾಗಿ ಎದ್ದರು. ಆರು ತಾಸಿನ ನಂತರದ ಪರೀಕ್ಷೆಯಲ್ಲಿ ರಕ್ತ ಇನ್ನೂ ಗಟ್ಟಿಯಾಗಿರಲಿಲ್ಲ. ಉಳಿದ ಹತ್ತು ಬಾಟಲಿಯನ್ನೂ ಕೊಟ್ಟೆವು. ಮರುದಿನ ಬೆಳಿಗ್ಗೆ ಎಂಟಕ್ಕೆ ಕೊಳವೆ ಬಾಗಿಸಿದರೆ ರಕ್ತ ಅಲುಗಲಿಲ್ಲ. ಜಿಗುಟಾಗಿ, ಕಪ್ಪಗೆ, ತಳಕ್ಕೆ ಹಿಡಿದುಕೊಂಡು ನಿಂತಿತ್ತು. ಕರಿಯಪ್ಪ ಅದನ್ನು ಕೈಯಲ್ಲಿ ಹಿಡಿದು ಎಲ್ಲ ರೋಗಿಗಳಿಗೂ ತೋರಿಸಿಕೊಂಡು ಬಂದ.

ಒಂಬತ್ತಕ್ಕೆ ಫೋನು ರಿಂಗಾಯಿತು. ನಾನೇ ಎತ್ತಿದೆ. ಡಾಕ್ಟರ ದನಿ, ರಾತ್ರಿ ಯಾವಾಗಲೋ ಹೊರಟದ್ದು. "ಸಿಸ್ಟರ್, ಬೇಡ. ಆದೇಶ ಇದೆ, ರಿಯಾಕ್ಷನ್ ಆದ್ರೆ ನಿಮ್ಮ ಕೆಲಸ ಹೋಗುತ್ತೆ. ನಾನು ಈಗಲೇ ಹೊರಟೆ. ನಾನು ಬರೋವರೆಗೂ ಕಾಯಿರಿ." ಹಾಲವ್ವ ಹಾಸಿಗೆಯ ಮೇಲೆ ಕೂತು ಗಂಜಿ ಕುಡಿಯುತ್ತಿದ್ದಳು. ನಾನು ರಿಸೀವರನ್ನು ಸಿಸ್ಟರಿಗೆ ಕೊಟ್ಟೆ. ಮಾತು ಮುಟ್ಟುವಾಗ ಡಾಕ್ಟರು ಅಲ್ಲಿರುವುದಿಲ್ಲವೆಂದು ಗೊತ್ತಿದ್ದೂ ಅವರು ಅದರೊಳಗೆ, "ಆಕಿ ಅರಾಮ ಅದಾಳ. ನೀವು ಸಾವಕಾಶ ಬರ್ರಿ, ದಾರ್ಯಾಗ ಏನರ ತಿನ್ನರಿ" ಎಂದು ಹೇಳಿ ಇಟ್ಟರು.

ಡಾಕ್ಟರು ಬಂದದ್ದು ಶುಕ್ರವಾರ ಹೊತ್ತು ಮುಳುಗುವ ಮುಂದೆ. ಪೆಟ್ರೋಲು ಮುಗಿದು ಗಾಡಿಯನ್ನು ನಡುದಾರಿಯಲ್ಲಿ ಬಿಟ್ಟು, ಚಪ್ಪಲಿ ಕೈಯಲ್ಲಿ ಹಿಡಿದು ಬಂದರು. ಅಂಗಾಲು ಬೊಬ್ಬೆ ಎದ್ದಿದ್ದವು. ನೇರ ಹಾಲವ್ವನ ಹತ್ತಿರ ಹೋಗಿ ನಾಡಿ ನೋಡಿದರು, ಕಾಲು ನೋಡಿದರು, ಹಾಳೆ ಓದಿದರು. ಬಹಳ ಹೊತ್ತು ಓದಿದರು. ಆಮೇಲೆ ಜೇಬಿನಿಂದ ಪೆನ್ನು ತೆಗೆದರು.

"ಸಿಸ್ಟರ್, ಈ ಸಾಲಿನ ಕೆಳಗೆ, ಫೋನಿನಲ್ಲಿ ನಾನೇ ಹೇಳಿದ್ದೆ ಅಂತ ಬರೀತೀನಿ. ಹೊತ್ತು ಮೂರು ಐವತ್ತು. ಯಾರೂ ಏನೂ ಕೇಳೋದಿಲ್ಲ."

ನನಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ನಿಜ ಹೇಳಬೇಕೆಂದರೆ ಹಿಂದಿನ ರಾತ್ರಿ ನಾನೂ ಸಿಸ್ಟರಿಗೆ ಅದನ್ನೇ ಸೂಚಿಸಿದ್ದೆ. ಸಿಸ್ಟರ್ ಕೈ ಚಾಚಿ ಹಾಳೆಯನ್ನು ಮೆಲ್ಲಗೆ ತಮ್ಮ ಕಡೆ ಎಳೆದುಕೊಂಡರು.

"ಬ್ಯಾಡ್ರಿ ಡಾಕ್ಟ್ರ."

"ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು ನಾನು."

"ಗೊತ್ತೈತ್ರಿ. ಬೊಬ್ಬಿ ಎದ್ದ ಕಾಲಾಗ ನಡಕೊಂತ ಬಂದು ಇದನ್ನ ಹೇಳಾಕತ್ತೀರಿ, ನಿಮ್ಮ ಮನಸು ಗೊತ್ತಾಗಂಗಿಲ್ಲೇನು ನನಗ?" ಅವರ ದನಿ ಒಂದು ಕ್ಷಣ ಸಡಿಲಾಯಿತು. "ಆದ್ರ ನೀವು ಹಂಗ ಬರದ್ರ, ಫೋನ್ ಮಾಡಿದ್ರು, ಆರ್ಡರ್ ಬಂತು, ಔಷಧಿ ಕೊಟ್ರು ಅಂತ ಆಕ್ಕೈತಿ. ಎಲ್ಲಾ ಸರಿ ಐತಿ ಅಂತ ಮ್ಯಾಲಿನವ್ರು ಸುಮ್ಮ ಕೂಡತಾರ. ಮುಂದ ಇಂಥಾದಽ ದಿನ ಬಂದಾಗ ಇಲ್ಲಿ ಯಾವ ಸಿಸ್ಟರ್ ಇರತಾಳೋ, ಆಕಿ ಫೋನ್ ಮಾಡಿ ನಿಮ್ಮ ಮಾತಿಗೆ ಕಾಯ್ಕೋಂತ ಕೂಡತಾಳ. ರೋಗಿ ಸಾಯ್ತಾನ. ಮಾತು ಬರಲಿಲ್ಲ, ಬರೂದೂ ಇಲ್ಲ ಅನ್ನೂದು ಹಾಳ್ಯಾಗ ಇರಲಿ."

ಡಾಕ್ಟರು ಪೆನ್ನಿನ ಮುಚ್ಚಳವನ್ನು ಹಾಕಿ ತೆಗೆದು, ಹಾಕಿ ತೆಗೆದು ಮಾಡಿದರು. ಕೊನೆಗೆ ಆ ಸಾಲಿನ ಕೆಳಗೆ, ತಾವು ಬಂದದ್ದು ಶುಕ್ರವಾರ ಸಂಜೆ ಆರಕ್ಕೆ, ರೋಗಿ ಚೇತರಿಸಿಕೊಂಡಿದ್ದಾಳೆ ಎಂದಷ್ಟೇ ಬರೆದರು.

ಹದಿನೈದು ದಿನಕ್ಕೆ ಜಿಲ್ಲೆಯಿಂದ ವಿಚಾರಣೆಗೆ ಅಧಿಕಾರಿ ಬಂದರು. ಅವತ್ತು ದಾರಿ ಏಳು ನಿಮಿಷದ್ದು. ಹೀಗಾಗಿ ಅವರಿಗೆ ನಾವು ಹೇಳಿದ್ದು ತಲೆಗೆ ಹೋಗಲಿಲ್ಲ. "ಆದೇಶ ನಿಮ್ಮ ಕಣ್ಣ ಮುಂದೇನೇ ಇತ್ತಲ್ವಾ?" ಎಂದು ಕೇಳಿದರು. ಇತ್ತು ಎಂದರು ಸಿಸ್ಟರ್. "ಆ ಹೆಂಗಸು ಸತ್ತಿದ್ರೆ?"

"ಸತ್ತಿದ್ರೂ ಈ ಸಾಲು ಹಿಂಗಽ ಇರತಿತ್ತು ಸಾಹೇಬ್ರ. ಅದರ ಕೆಳಗ ಸತ್ತಳು ಅಂತ ಇನ್ನೊಂದು ಸಾಲು ಬರೀತಿದ್ದೆ."

ಅಧಿಕಾರಿ ನನ್ನ ಕಡೆ ತಿರುಗಿ, ಡಾಕ್ಟರ ಆದೇಶ ಬಂದಿತ್ತೋ ಇಲ್ಲವೋ ಎಂದು ಕೇಳಿದರು. ಇಲ್ಲ ಎಂದೆ. ಹಾಗೆ ಹೇಳುವಾಗ ನಾನು ಸಿಸ್ಟರಿಗೆ ದ್ರೋಹ ಮಾಡುತ್ತಿದ್ದೇನೆಂದು ಅನ್ನಿಸಿತು. ಸಿಸ್ಟರ್ ಮಾತ್ರ ನನ್ನನ್ನು ನೋಡಿ, ಸರಿಯಾಗಿ ಹೇಳಿದಿ ಎಂಬಂತೆ ತಲೆ ಆಡಿಸಿದರು.

ಒಂದು ವರ್ಷ ಇನ್‌ಚಾರ್ಜ್ ಕೆಲಸದಿಂದ ಅವರನ್ನು ತೆಗೆದು ಡ್ರೆಸ್ಸಿಂಗ್ ರೂಮಿಗೆ ಹಾಕಿದರು. ಎಚ್ಚರಿಕೆಯ ಕಾಗದ ಬಂದ ದಿನ ತುಳಸವ್ವ ಗೊಳೋ ಎಂದು ಅತ್ತಳು. ಸಿಸ್ಟರ್ ಕಾಗದದ ಮೇಲೆ "ತಲುಪಿದೆ" ಎಂದು ಬರೆದು, ಸಹಿ ಹಾಕಿ, ಹತ್ತು ಗಂಟೆಯ ಇಂಜೆಕ್ಷನ್ನುಗಳನ್ನು ಮುಗಿಸಿ, ಕಪಾಟಿನ ಕೀಲಿಗಳನ್ನು ತಂದು ನನ್ನ ಕೈಯಲ್ಲಿಟ್ಟರು. ಉಳಿದವರು ಒಲ್ಲೆನೆಂದದ್ದರಿಂದ ಇನ್‌ಚಾರ್ಜ್ ಕೆಲಸ ನನ್ನ ತಲೆಗೆ ಬಂದಿತ್ತು.

"ತಗೋಳ್ರಿ ಬ್ರದರ್" ಎಂದರು. ನಾನು ಬೆಚ್ಚಿಬಿದ್ದೆ. ಅಲ್ಲಿಯತನಕ ಅವರು ನನ್ನನ್ನು ತಮ್ಮಾ, ಮೌನೇಶಪ್ಪಾ ಎಂದಲ್ಲದೆ ಕರೆದದ್ದೇ ಇರಲಿಲ್ಲ.

"ಸಿಸ್ಟರ್, ನನಗ 'ರಿ' ಹಚ್ಚಿ ಮಾತಾಡಬ್ಯಾಡ್ರಿ."

"ಮನೀಗೆ ಬಂದಾಗ ತಮ್ಮಾ ಅಂತೀನಿ, ರೊಟ್ಟಿ ಹಾಕತೀನಿ. ಇಲ್ಲಿ ನೀವು ಇನ್‌ಚಾರ್ಜ್. ನಾನಽ ನಿಮಗ ನೀ ಅಂದ್ರ ಉಳದವ್ರು ಏನ್ ಕೇಳತಾರ?"

ಮೊದಲ ತಿಂಗಳು ನಾನು ದಿನಕ್ಕೆ ಹತ್ತು ಸಲ ಡ್ರೆಸ್ಸಿಂಗ್ ರೂಮಿಗೆ ಓಡುತ್ತಿದ್ದೆ. ಅವರು ಯಾರದೋ ಸುಟ್ಟ ಕೈಗೆ ಮುಲಾಮು ಹಚ್ಚುತ್ತಲೋ, ಹಳೆಯ ಹುಣ್ಣು ತೊಳೆಯುತ್ತಲೋ ಇರುತ್ತಿದ್ದರು. ಇಡೀ ವಾರ್ಡನ್ನು ನೋಡಿಕೊಂಡಷ್ಟೇ ನಿಗಾ ಆ ಒಂದು ಹುಣ್ಣಿನ ಮೇಲೆ. ನಾನು ಕೇಳಿದ್ದಕ್ಕೆಲ್ಲ ಅವರದು ಒಂದೇ ಮಾತು: "ನೀವೇನು ಮಾಡಬೇಕಂತೀರಿ, ಅದನ್ನ ಮೊದಲ ಹೇಳ್ರಿ. ಆಮ್ಯಾಲ ನಾ ಹೇಳತೀನಿ." ನಾನು ಹೇಳುತ್ತಿದ್ದೆ. ಹೆಚ್ಚಿನ ಸಲ ಅವರು, "ಹಂಗಿದ್ರ ಇಲ್ಲಿಗ್ಯಾಕ ಬಂದ್ರಿ?" ಎನ್ನುತ್ತಿದ್ದರು. ತಪ್ಪಿದ್ದರೆ ಮಾತ್ರ ಕೈಯಲ್ಲಿದ್ದ ಚಿಮುಟವನ್ನು ಕೆಳಗಿಟ್ಟು, ಕೂಡಿಸಿಕೊಂಡು, ಯಾಕೆ ತಪ್ಪು ಎಂದು ಬಿಡಿಸಿ ಹೇಳುತ್ತಿದ್ದರು. ಎರಡನೇ ತಿಂಗಳಿಗೆ ಹತ್ತು ಸಲ ಹೋಗುವವನು ಮೂರು ಸಲ ಹೋದೆ.

ಐದನೇ ತಿಂಗಳಿಗೆ ಹೊಸ ಆದೇಶ ಬಂತು. ಡಾಕ್ಟರು ಪ್ರಾಣೇಶ ಅವರು ಆ ಹಾಳೆಯ ನಕಲನ್ನು ಲಗತ್ತಿಸಿ ಬಿಡದೆ ಪತ್ರ ಬರೆದಿದ್ದರಂತೆ. ಹಾವು ಕಚ್ಚಿದವರು ಬಂದು, ವೈದ್ಯರು ಇಲ್ಲದೆ ಹೋದರೆ, ಕರ್ತವ್ಯದಲ್ಲಿರುವ ಸ್ಟಾಫ್ ನರ್ಸ್ ತಾವೇ ಪರೀಕ್ಷಿಸಿ ಔಷಧಿ ಆರಂಭಿಸಬಹುದು ಎಂದಿತ್ತು. ನಾನು ಅದನ್ನು ಹಿಡಿದು ಓಡಿಹೋಗಿ ಸಿಸ್ಟರಿಗೆ ಕೊಟ್ಟೆ. ಅವರು ಹಿಗ್ಗುತ್ತಾರೆಂದುಕೊಂಡಿದ್ದೆ. ಅವರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿ, "ಇಪ್ಪತ್ತು ನಿಮಿಷ ಅನ್ನೂದು ಬಿಟ್ಟಾರ. ಹೊಸಬರು ಐದು ನಿಮಿಷಕ್ಕ ಬಾಗಿಸಿ ನೋಡತಾರ. ಡಾಕ್ಟ್ರಿಗೆ ಹೇಳಿ ಸೇರಿಸ್ರಿ" ಎಂದು ವಾಪಸು ಕೊಟ್ಟರು. ಅವರ ಶಿಕ್ಷೆಯ ಬಗ್ಗೆ ಆ ಕಾಗದದಲ್ಲಿ ಒಂದು ಅಕ್ಷರವೂ ಇರಲಿಲ್ಲ. ಅವರೂ ಕೇಳಲಿಲ್ಲ.

ಅದಾಗಿ ಸ್ವಲ್ಪ ದಿನಕ್ಕೆ, ಒಂದು ಮಧ್ಯಾಹ್ನ, ದಾರಿ ನಾಲ್ಕು ತಾಸಿನದಾಗಿ ಡಾಕ್ಟರು ಪೇಟೆಯಲ್ಲೇ ಉಳಿದಿದ್ದಾಗ, ಹಿಂದಿನ ಹೊಲಗಳ ಕಡೆಯಿಂದ ಜಂಬಣ್ಣನೆಂಬ ಮುದುಕನನ್ನು ಮಗಳು ಕರೆತಂದಳು. ಎದೆಯ ತೊಂದರೆ ಇದ್ದವನು, ನಮ್ಮಲ್ಲೇ ಗುಳಿಗೆ ಒಯ್ಯುತ್ತಿದ್ದವನು. ಉಸಿರಾಡಲು ಆಗದೆ ನೀರಿನಿಂದ ತೆಗೆದ ಮೀನಿನಂತೆ ಬಾಯಿ ಬಿಡುತ್ತಿದ್ದ. ಎದೆಗೆ ಕಿವಿಗೊಟ್ಟರೆ ಒಳಗೆಲ್ಲ ನೀರು ಕುದ್ದಂತೆ ಗೊಳಗೊಳ. ಹಾವಿನ ಆದೇಶ ಇದಕ್ಕೆ ಅನ್ವಯಿಸುವಂತಿರಲಿಲ್ಲ. ಮಲಗಿಸಲು ಹೊರಟ ಮಗಳನ್ನು ತಡೆದು, ಅವನನ್ನು ಎಬ್ಬಿಸಿ ಕೂಡಿಸಿದೆ; ಕಾಲು ಮಂಚದಿಂದ ಕೆಳಗೆ ಇಳಿಬಿಟ್ಟೆ. ಆಕ್ಸಿಜನ್ ಹಚ್ಚಿದೆ. ರಕ್ತದೊತ್ತಡ ನೋಡಿದೆ. ನೀರು ಇಳಿಸುವ ಇಂಜೆಕ್ಷನ್ ಕಪಾಟಿನಲ್ಲಿತ್ತು. ಕೀಲಿ ನನ್ನ ಜೇಬಿನಲ್ಲಿತ್ತು. ಅವನ ಹಳೆಯ ಹಾಳೆ ತೆಗೆದು, ಹಿಂದಿನ ಸಲ ಡಾಕ್ಟರು ಇದೇ ಸ್ಥಿತಿಯಲ್ಲಿ ಎಷ್ಟು ಕೊಟ್ಟಿದ್ದರು ಎಂದು ನೋಡಿ, ಕೊಟ್ಟೆ. ಕೊಟ್ಟದ್ದನ್ನು ನನ್ನ ಹೆಸರಿನಲ್ಲೇ ಬರೆದೆ.

ಮುಕ್ಕಾಲು ತಾಸಿಗೆ ಜಂಬಣ್ಣ ಮೂತ್ರಕ್ಕೆ ಕೇಳಿದ. ಇನ್ನರ್ಧ ತಾಸಿಗೆ ಒಂದು ವಾಕ್ಯ ಪೂರ್ತಿ ಆಡಿದ: "ಬ್ರದರ್, ಚಾ ಸಿಗತೈತೇನ್ರಿ?" ಮಗಳು ಅಳುತ್ತಾ ನಕ್ಕಳು. ನಾನು ತಿರುಗಿ ನೋಡಿದರೆ ವಾರ್ಡಿನ ಬಾಗಿಲಲ್ಲಿ ಹುಲಿಗೆಮ್ಮ ಸಿಸ್ಟರ್, ಕೈಯಲ್ಲಿ ಡ್ರೆಸ್ಸಿಂಗ್ ಟ್ರೇ ಹಿಡಿದು ನಿಂತಿದ್ದರು.

"ಆಗಿಂದ ನಿಂತಾರ್ರಿ" ಎಂದಳು ತುಳಸವ್ವ ದೂರು ಹೇಳುವವಳಂತೆ. "ಒಳಗ ಬರ್ರಿ ಅಂದ್ರ, ಅವರು ಮಾಡಾಕತ್ತಾರ, ಬಿಡು ಅಂದ್ರು."

ನನಗೆ ಸಿಟ್ಟು ಬಂತೋ, ಅಳು ಬಂತೋ ಇವತ್ತಿಗೂ ಹೇಳಲಾರೆ. "ಸಿಸ್ಟರ್, ನಾ ತಪ್ಪು ಮಾಡಿದ್ರ?"

"ತಪ್ಪು ಮಾಡಿದ್ರ ಒಳಗ ಬರತಿದ್ದೆ. ಕರದಿದ್ರೂ ಬರತಿದ್ದೆ" ಎಂದರು ಅವರು. ಜಂಬಣ್ಣನ ಹತ್ತಿರ ಬಂದು, ಟ್ರೇಯನ್ನು ಎಡಗೈಗೆ ಬದಲಿಸಿ, ಬಲಗೈಯಿಂದ ಅವನ ಪಾದ ಮುಟ್ಟಿ ನೋಡಿದರು. "ಕಾಲು ತಣ್ಣಗ ಅದಾವ ಬ್ರದರ್. ಹೊದಿಕಿ ಹಾಕ್ರಿ." ಅಷ್ಟು ಹೇಳಿ, ಡ್ರೆಸ್ಸಿಂಗ್ ರೂಮಿನಲ್ಲಿ ಯಾರೋ ಕಾಯುತ್ತಿದ್ದಾರೆಂದು ಹೊರಟುಹೋದರು.

ನಾನು ಕಂಬಳಿ ತಂದು, ಮುದುಕನ ಎರಡೂ ಪಾದಗಳಿಗೆ ಸುತ್ತಿದೆ.